176 ಕೋಟಿ 63 ಲಕ್ಷ 19 ಸಾವಿರದ 49: ಭಾಸ್ಕರಾಚಾರ್ಯರ ಸಂಖ್ಯೆಯನ್ನು ಬಿಚ್ಚಿ ನೋಡಿದರೆ

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಭಾಸ್ಕರಾಚಾರ್ಯರ ದೊಡ್ಡ ಸಂಖ್ಯೆಯ ಮೇಲೆ ಫಲಕ ಮಾಡುತ್ತಿದ್ದೇವೆ. ಆ ಸಂಖ್ಯೆಯ ವರ್ಗದಲ್ಲಿ 226153980ರ ವರ್ಗದ 61 ಪಟ್ಟನ್ನು ಕಳೆದರೆ ಸರಿಯಾಗಿ 1 ಉಳಿಯಬೇಕಂತೆ. ಆದರೆ ಸಂಖ್ಯೆ ಒಂದು ಕಡೆ 1766319049 ಎಂದಿದೆ, ಇನ್ನೊಂದು ಕಡೆ 1766391049 ಎಂದಿದೆ. ಎಕ್ಸೆಲ್‌ನಲ್ಲಿ ಮೊದಲನೆಯದನ್ನು ಹಾಕಿದರೆ 1 ಬರುವುದಿಲ್ಲ, 0 ಬರುತ್ತದೆ. ಒಬ್ಬ ವಿದ್ಯಾರ್ಥಿ ಬರೆದ ಪೈಥಾನ್ ಪ್ರೋಗ್ರಾಮ್ 42912791 ಎಂಬ ಬೇರೆಯೇ ಉತ್ತರ ಕೊಟ್ಟು ನಿಂತಿತು. ಯಾವುದು ಸರಿ? ಈ ದೊಡ್ಡ ಸಂಖ್ಯೆ ಅವಿಭಾಜ್ಯವೇ? 60ಕ್ಕೂ 62ಕ್ಕೂ ಚಿಕ್ಕ ಉತ್ತರಗಳಿದ್ದು 61ಕ್ಕೆ ಮಾತ್ರ ಇಷ್ಟು ದೊಡ್ಡದು ಯಾಕೆ? ಭಾಸ್ಕರರು ವಿಜಯಪುರದವರು ಎಂದು ಫಲಕದಲ್ಲಿ ಬರೆಯಬಹುದೇ?

ಉತ್ತರ: 1766319049 ಸರಿ. ಇನ್ನೊಂದು ಅಚ್ಚಿನ ತಪ್ಪು. 319ರಲ್ಲಿರುವ 1 ಮತ್ತು 9 ಅದಲುಬದಲಾಗಿ 391 ಆಗಿದೆ. ಹತ್ತು ಅಂಕಿಗಳನ್ನು ಒಂದೇ ಉಸಿರಿಗೆ ನಕಲು ಮಾಡಿದರೆ ಆಗುವುದು ಇದೇ. ಫಲಕದಲ್ಲಿ 176,63,19,049 ಎಂದು ಕೋಟಿ, ಲಕ್ಷ, ಸಾವಿರಕ್ಕೆ ಅಲ್ಪವಿರಾಮ ಕೊಟ್ಟು ಬರೆಯಿರಿ. ಜೊತೆಯ ಸಂಖ್ಯೆ 22,61,53,980.

ಮೊದಲು ಈ ಸಂಖ್ಯೆಗಳ ಗಾತ್ರ ಮಕ್ಕಳ ಕಣ್ಣಿಗೆ ಕಟ್ಟಬೇಕು. ಒಂದು ಮಿಲಿಮೀಟರ್ ಬದಿಯ ಚೌಕ ಹರಳುಗಳಿವೆ ಎಂದುಕೊಳ್ಳಿ. ಅವನ್ನು ಜೋಡಿಸಿ ಒಂದೇ ಅಳತೆಯ 61 ಚೌಕ ಅಂಗಳ ಮಾಡಬೇಕು. ಆಮೇಲೆ ಎಲ್ಲವನ್ನೂ ಕಿತ್ತು, ಇನ್ನೊಂದೇ ಒಂದು ಹರಳು ಸೇರಿಸಿ, ಒಂದೂ ಉಳಿಯದಂತೆ ಒಂದೇ ದೊಡ್ಡ ಚೌಕ ಮಾಡಬೇಕು. ಪೂರ್ಣಾಂಕಗಳಲ್ಲಿ ಇದು ಸಾಧ್ಯವಾಗುವ ಅತಿ ಚಿಕ್ಕ ಅಳತೆಯಲ್ಲೇ ಒಂದೊಂದು ಅಂಗಳದ ಬದಿ 226 ಕಿಲೋಮೀಟರ್, ಅಂದರೆ ವಿಜಯಪುರದಿಂದ ಹೊರಟು ಬೆಳಗಾವಿ ದಾಟುವಷ್ಟು. ದೊಡ್ಡ ಚೌಕದ ಬದಿ 1766 ಕಿಲೋಮೀಟರ್. ಅಷ್ಟಕ್ಕೂ ಬೇಕಾದ ಹೆಚ್ಚುವರಿ ಹರಳು ಒಂದೇ. 60 ಅಂಗಳಗಳಾದರೆ 4 ಮಿಲಿಮೀಟರ್ ಬದಿ ಸಾಕು: 60×16+1 = 961 = 31². 62 ಅಂಗಳಗಳಿಗೆ 8 ಮಿಲಿಮೀಟರ್: 62×64+1 = 3969 = 63².

ಈಗ ತಾಳೆ. ಶಾಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂಬತ್ತರ ತಾಳೆ ಇಲ್ಲಿ ಕೈಕೊಡುತ್ತದೆ. ಅಂಕಿಗಳ ಸ್ಥಾನ ಬದಲಾದರೂ ಅವುಗಳ ಮೊತ್ತ ಬದಲಾಗುವುದಿಲ್ಲ. ನಿಮಗೆ ಸಿಕ್ಕ ಎರಡೂ ಸಂಖ್ಯೆಗಳ ಅಂಕಿಮೊತ್ತ 46. ಹಾಗಾಗಿ ತಪ್ಪು ಸಂಖ್ಯೆಯೂ ಪಾಸಾಗುತ್ತದೆ. ಬದಲಿಗೆ 1001ರ ತಾಳೆ ನೋಡಿ. 1001 = 7×11×13 ಆದ್ದರಿಂದ ಒಂದೇ ಏಟಿಗೆ ಮೂರು ಅವಿಭಾಜ್ಯಗಳ ಪರೀಕ್ಷೆ ಆಗುತ್ತದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದು ಬಿಟ್ಟು ಒಂದನ್ನು ಕಳೆಯುತ್ತ ಕೂಡುತ್ತ ಹೋಗಬೇಕು. 049−319+766−1 = 495. ಜೊತೆಯ ಸಂಖ್ಯೆಗೆ 980−153+226 = 1053, ಅದರಲ್ಲಿ 1001 ತೆಗೆದರೆ 52. ಈಗ 495² = 245025, 61×52² = 164944. ವ್ಯತ್ಯಾಸ 80081, ಅಂದರೆ 80×1001+1. ಶೇಷ 1 ಬಂತು. ತಪ್ಪು ಸಂಖ್ಯೆಗೆ ಇದನ್ನೇ ಮಾಡಿ: 49−391+766−1 = 423; 423²−164944 = 13985; ಶೇಷ 972. ಅಲ್ಲಿಗೆ ಅದು ಹೊರಗೆ.

ಆದರೆ ತಾಳೆ ಎನ್ನುವುದು ತಪ್ಪನ್ನು ಹಿಡಿಯುತ್ತದೆ, ಸರಿಯನ್ನು ಸಾಧಿಸುವುದಿಲ್ಲ. ಸಾಧನೆಗೆ 19 ಅಂಕಿಯ ಗುಣಾಕಾರ ಬೇಕೇ ಬೇಕು ಎಂದು ಹಲವರು ಕೈಬಿಡುತ್ತಾರೆ. ಬೇಕಿಲ್ಲ. ಈ ಸಂಖ್ಯೆಯ ಅಕ್ಕಪಕ್ಕದ ಮನೆಗಳನ್ನು ನೋಡಿ:

1766319048 = 2 × 29718²
1766319050 = 122 × 3805²

ಇವೆರಡನ್ನೂ ಮಕ್ಕಳು ಕೈಯಲ್ಲೇ ಗುಣಿಸಿ ನೋಡಬಹುದು: 29718² = 883159524, 3805² = 14478025. ಯಾವುದೇ ಸಂಖ್ಯೆಯ ವರ್ಗದಲ್ಲಿ 1 ಕಳೆದರೆ ಸಿಗುವುದು ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳ ಗುಣಲಬ್ಧ. ಇಲ್ಲಿ ಅದು 244×(29718×3805)², ಅಂದರೆ 61×(2×29718×3805)². ಆವರಣದೊಳಗಿನದು 226153980. ಸಾಧನೆ ಮುಗಿಯಿತು, ಹತ್ತು ಅಂಕಿಗಿಂತ ದೊಡ್ಡ ಸಂಖ್ಯೆಯನ್ನು ಮುಟ್ಟದೆಯೇ. ಫಲಕದಲ್ಲಿ ನಾನಾದರೆ ಈ ಎರಡು ಸಾಲುಗಳನ್ನೇ ದಪ್ಪಕ್ಷರದಲ್ಲಿ ಹಾಕುತ್ತಿದ್ದೆ. ಉದ್ದ ವರ್ಗಗಳನ್ನು ಬರೆದರೆ ನೋಡುವವರು ನಂಬುತ್ತಾರೆ ಅಷ್ಟೆ, ಪರೀಕ್ಷಿಸುವುದಿಲ್ಲ.

ಎಕ್ಸೆಲ್‌ನ 0 ಯಾಕೆ ಬಂತು? ಪೂರ್ತಿ ವರ್ಗಗಳು ಇವು: 1766319049² = 3119882982860264401; 226153980ರ ವರ್ಗದ 61 ಪಟ್ಟು = 3119882982860264400. ಎರಡಕ್ಕೂ 19 ಅಂಕಿ. ಎಕ್ಸೆಲ್ ಸಂಖ್ಯೆಗಳನ್ನು 64 ಬಿಟ್ ದ್ವಿಮಾನ 'ಫ್ಲೋಟಿಂಗ್ ಪಾಯಿಂಟ್' ರೂಪದಲ್ಲಿ ಇಟ್ಟುಕೊಳ್ಳುತ್ತದೆ, 15 ಅಂಕಿ ತೋರಿಸುತ್ತದೆ. ಆ ರೂಪದಲ್ಲಿ 2ರ 53ನೇ ಘಾತದವರೆಗೆ, ಅಂದರೆ 9007199254740992ರವರೆಗೆ, ಪ್ರತಿ ಪೂರ್ಣಾಂಕಕ್ಕೂ ಅದರದ್ದೇ ಜಾಗ ಇದೆ. ಆಮೇಲೆ ಜಾಗಗಳು ವಿರಳವಾಗುತ್ತ ಹೋಗುತ್ತವೆ. ನಮ್ಮ ವರ್ಗಗಳಿರುವ ಎತ್ತರದಲ್ಲಿ ಒಂದು ಜಾಗಕ್ಕೂ ಮುಂದಿನದಕ್ಕೂ ಅಂತರ 512. ಕೊನೆಯಲ್ಲಿ 401 ಇರುವುದೂ 400 ಇರುವುದೂ ಹತ್ತಿರದ ಒಂದೇ ಜಾಗಕ್ಕೆ, 3119882982860264448ಕ್ಕೆ, ಹೋಗಿ ಕೂರುತ್ತವೆ. ಕಳೆದರೆ 0. ಹತ್ತು ಅಂಕಿಯ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನದೂ ಇದೇ ಪಾಡು. ಪೈಥಾನ್‌ನ ಪೂರ್ಣಾಂಕಗಳಿಗೆ ಈ ಮಿತಿ ಇಲ್ಲ. ಸಿ ಭಾಷೆಯಲ್ಲಿ ಬರೆಯುವುದಾದರೆ ಸಾಮಾನ್ಯ 'ಇಂಟ್' 2147483647ಕ್ಕೇ ನಿಲ್ಲುವುದರಿಂದ ಸಂಖ್ಯೆ ಹಿಡಿಸುತ್ತದೆ, ಅದರ ವರ್ಗ ಹಿಡಿಸುವುದಿಲ್ಲ. 'ಲಾಂಗ್ ಲಾಂಗ್' ಬಳಸಿದರೆ ಎರಡೂ ಹಿಡಿಸುತ್ತವೆ.

ಹಾಗಾದರೆ ಪೈಥಾನ್ ಪ್ರೋಗ್ರಾಮ್ ಯಾಕೆ ತಪ್ಪಿತು? ವಿದ್ಯಾರ್ಥಿ ಒಂದೊಂದೇ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ, 1 ಕೂಡಿಸಿ, ವರ್ಗಮೂಲ ಪೂರ್ಣವಾಗಿದೆಯೇ ಎಂದು ಕೇಳಿರಬೇಕು. ಗುಣಾಕಾರ ನಿಖರವಾಗಿಯೇ ಇರುತ್ತದೆ, ಆದರೆ 'ಮ್ಯಾಥ್ ಡಾಟ್ ಸ್ಕ್ವೇರ್‌ರೂಟ್' ಅದನ್ನು ಮತ್ತೆ ಅದೇ 64 ಬಿಟ್ ಫ್ಲೋಟಿಂಗ್ ಪಾಯಿಂಟ್ ರೂಪಕ್ಕೆ ಇಳಿಸುತ್ತದೆ. 42912791ಕ್ಕೆ ಬರುವ ಮೊತ್ತ 112331965515990542. ಇದು 335159612ರ ವರ್ಗಕ್ಕಿಂತ ಬರೀ 2 ಕಡಿಮೆ. ಆ ಎತ್ತರದಲ್ಲಿ ಜಾಗಗಳ ಅಂತರ 16, ಹಾಗಾಗಿ ಆ 2 ಅಳಿಸಿಹೋಗಿ ವರ್ಗಮೂಲ ಪೂರ್ಣಾಂಕವಾಗಿ ಕಾಣುತ್ತದೆ. ತಮಾಷೆ ಏನೆಂದರೆ ಕಂಪ್ಯೂಟರ್ ಮೋಸಹೋದ ಈ ಸಂಖ್ಯೆಯನ್ನು ಎಂಟನೇ ತರಗತಿಯ ಮಗು ಒಂದೇ ನೋಟಕ್ಕೆ ತಿರಸ್ಕರಿಸುತ್ತದೆ: ಕೊನೆಯ ಅಂಕಿ 2, ಯಾವ ವರ್ಗವೂ 2ರಲ್ಲಿ ಮುಗಿಯುವುದಿಲ್ಲ. ಪರಿಹಾರ ಸುಲಭ. 'ಐಸ್ಕ್ವೇರ್‌ರೂಟ್' ಎಂಬ ಪೂರ್ಣಾಂಕ ವರ್ಗಮೂಲ ಬಳಸಿ, ಸಿಕ್ಕ ಮೂಲವನ್ನು ಮತ್ತೆ ವರ್ಗ ಮಾಡಿ ಹೋಲಿಸಲು ಹೇಳಿ. ಆದರೂ 22 ಕೋಟಿಗೂ ಹೆಚ್ಚು ಸುತ್ತು ತಿರುಗಬೇಕು. ಭಾಸ್ಕರರು ಕೆಲವೇ ಹೆಜ್ಜೆಯಲ್ಲಿ ಮುಗಿಸಿದರು.

ಆ ಹೆಜ್ಜೆಗಳಲ್ಲೇ 'ಯಾಕೆ ಇಷ್ಟು ದೊಡ್ಡದು' ಎಂಬುದಕ್ಕೂ ಉತ್ತರ ಇದೆ. 1150ರ 'ಬೀಜಗಣಿತ' ಎಂಬ ಗ್ರಂಥದಲ್ಲಿ ಅವರು 67 ಮತ್ತು 61 ಎರಡಕ್ಕೂ ಈ ಲೆಕ್ಕ ಕೇಳುತ್ತಾರೆ. ಇಂಥ ಲೆಕ್ಕದ ಹೆಸರು ವರ್ಗಪ್ರಕೃತಿ. 61 ಪ್ರಕೃತಿ, ಚಿಕ್ಕ ಮೂಲ ಕನಿಷ್ಠ, ದೊಡ್ಡ ಮೂಲ ಜ್ಯೇಷ್ಠ, ಉಳಿಯುವ ವ್ಯತ್ಯಾಸ ಕ್ಷೇಪ. ನಮಗೆ ಬೇಕಾದ ಕ್ಷೇಪ 1. ಮೊದಲು ಕೈಗೆಟಕುವುದನ್ನು ಹಿಡಿಯಿರಿ: 8²−61×1² = 3. ಕ್ಷೇಪ 3 ಬಂತು. ಈಗ ಚಕ್ರವಾಳ, ಅಂದರೆ ಒಂದು ಜೋಡಿಯಿಂದ ಮುಂದಿನ ಜೋಡಿಗೆ ಚಕ್ರದಂತೆ ಸುತ್ತುತ್ತ ಹೋಗುವ ಕ್ರಮ. ಒಂದು ಗುಣಕ ಆರಿಸಬೇಕು, ಅದಕ್ಕೆ ಎರಡು ಷರತ್ತು: ಕನಿಷ್ಠವನ್ನು ಅದರಿಂದ ಗುಣಿಸಿ ಜ್ಯೇಷ್ಠ ಕೂಡಿದರೆ ಕ್ಷೇಪದಿಂದ ನಿಶ್ಶೇಷವಾಗಿ ಭಾಗವಾಗಬೇಕು, ಅದರ ವರ್ಗ 61ಕ್ಕೆ ಆದಷ್ಟು ಹತ್ತಿರ ಇರಬೇಕು. ಹುಡುಗರು ಇಲ್ಲಿ ತಟ್ಟನೆ 8 ಎನ್ನುತ್ತಾರೆ, 64 ಅಷ್ಟು ಹತ್ತಿರ ಇದೆಯಲ್ಲ ಎಂದು. ಆದರೆ 8+8 = 16, ಮೂರರಿಂದ ಭಾಗವಾಗದು; ಮುಂದೆಲ್ಲ ಭಿನ್ನರಾಶಿ ಹತ್ತಿಕೊಳ್ಳುತ್ತದೆ. ಷರತ್ತಿಗೆ ಒಪ್ಪುವವು 1, 4, 7, 10. ಇವುಗಳಲ್ಲಿ 7ರ ವರ್ಗ 49, ಅಂತರ 12, ಎಲ್ಲಕ್ಕಿಂತ ಕಡಿಮೆ. ಹೊಸ ಜ್ಯೇಷ್ಠ (8×7+61×1)÷3 = 39, ಹೊಸ ಕನಿಷ್ಠ (1×7+8)÷3 = 5, ಹೊಸ ಕ್ಷೇಪ (49−61)÷3 = −4. ತಾಳೆ: 1521−1525 = −4.

ಚಕ್ರವನ್ನು ಹೀಗೇ ತಿರುಗಿಸುತ್ತ ಹೋದರೂ ಗುರಿ ಮುಟ್ಟಬಹುದು, ದಾರಿ ಉದ್ದ. ಭಾಸ್ಕರರು ಇಲ್ಲಿ ತಮಗಿಂತ ಹಿಂದಿನ ಗಣಿತಜ್ಞ ಬ್ರಹ್ಮಗುಪ್ತರ ಭಾವನೆಗೆ ಹೊರಳುತ್ತಾರೆ. ಭಾವನೆ ಎಂದರೆ ಎರಡು ಜೋಡಿಗಳನ್ನು ಬೆಸೆಯುವ ಕ್ರಮ: ಜ್ಯೇಷ್ಠಗಳ ಗುಣಲಬ್ಧಕ್ಕೆ ಕನಿಷ್ಠಗಳ ಗುಣಲಬ್ಧದ 61 ಪಟ್ಟು ಕೂಡಿದರೆ ಹೊಸ ಜ್ಯೇಷ್ಠ; ಅಡ್ಡಡ್ಡ ಗುಣಿಸಿ ಕೂಡಿದರೆ ಹೊಸ ಕನಿಷ್ಠ; ಕ್ಷೇಪಗಳು ತಾವೇ ಗುಣಿಸಿಕೊಳ್ಳುತ್ತವೆ. −4 ಇದ್ದಲ್ಲಿ ಎರಡೂ ಮೂಲಗಳನ್ನು ಅರ್ಧ ಮಾಡಿದರೆ ಕ್ಷೇಪ −1: ಜೋಡಿ 39/2, 5/2. ಅದನ್ನು ಅದರೊಂದಿಗೇ ಬೆಸೆದರೆ 1523/2, 195/2, ಕ್ಷೇಪ 1. ಕ್ಷೇಪವೇನೋ 1 ಆಯಿತು, ಆದರೆ ಅರ್ಧಗಳು ಹೋಗಲಿಲ್ಲ. ಮತ್ತೊಮ್ಮೆ 39/2, 5/2 ಸೇರಿಸಿ: 29718, 3805. ಅರ್ಧಗಳು ಹೋದವು, ಆದರೆ ಕ್ಷೇಪ −1ಕ್ಕೆ ಮರಳಿತು. ಇದನ್ನು ಇದರೊಂದಿಗೇ ಬೆಸೆದಾಗ ಕೊನೆಗೂ 1766319049, 226153980, ಕ್ಷೇಪ 1. ಮೇಲೆ ಅಕ್ಕಪಕ್ಕದ ಮನೆಗಳಲ್ಲಿ ಕಂಡ 29718 ಮತ್ತು 3805 ಎಲ್ಲಿಂದ ಬಂದವೆಂದು ಈಗ ತಿಳಿಯಿತಲ್ಲ.

ಎಣಿಸಿ ನೋಡಿ. ಅರ್ಧ ಕಳೆಯಲು ಮೂರು ಪ್ರತಿ ಬೇಕಾಯಿತು, ಋಣ ಚಿಹ್ನೆ ಕಳೆಯಲು ಅದರ ಎರಡು ಪಟ್ಟು. ಒಟ್ಟು ಆರು. ಅಂದರೆ 61ರ ನಿಜವಾದ ಬೀಜ 39 ಮತ್ತು 5, ತೀರಾ ಸಣ್ಣ ಸಂಖ್ಯೆಗಳು. ಸುಮಾರು 39 ಗಾತ್ರದ್ದನ್ನು ಆರು ಸಲ ಗುಣಿಸಿದ್ದರಿಂದ ಉತ್ತರ ನೂರಾರು ಕೋಟಿಗೆ ಏರಿತು. 60ಕ್ಕೂ 62ಕ್ಕೂ ಈ ಎರಡು ತೊಡಕುಗಳಲ್ಲಿ ಒಂದೂ ಇಲ್ಲ. √61ರ ಸತತ ಭಿನ್ನರಾಶಿಯಲ್ಲಿ (ಛೇದದೊಳಗೆ ಮತ್ತೆ ಮತ್ತೆ ಭಿನ್ನರಾಶಿ ಬರುವ ರೂಪದಲ್ಲಿ) ಅಂಕಿಗಳು 11ರ ಆವರ್ತದಲ್ಲಿ ಮರುಕಳಿಸುತ್ತವೆ, ಅದಕ್ಕೇ ಉತ್ತರ ದೊಡ್ಡದು ಎಂದು ಪುಸ್ತಕಗಳು ಸಾಮಾನ್ಯವಾಗಿ ವಿವರಿಸುತ್ತವೆ. ಅದು ಸುಳ್ಳಲ್ಲ, ಆದರೆ ಆವರ್ತ ಯಾಕೆ ಉದ್ದ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆರರ ಲೆಕ್ಕವೇ ನನಗೆ ಹೆಚ್ಚು ಸ್ಪಷ್ಟ. 100ರೊಳಗಿನ ಬೇರೆ ಯಾವ ಪ್ರಕೃತಿಗೂ ಅತಿ ಚಿಕ್ಕ ಉತ್ತರ ಇಷ್ಟು ದೊಡ್ಡದಾಗಿಲ್ಲ. ಭಾಸ್ಕರರು ಜೊತೆಗೆ ಕೇಳಿದ 67ಕ್ಕೂ 48842 ಮತ್ತು 5967 ಸಾಕು. 61ನ್ನು ಮೀರಿಸುವುದು 109: ಅದರ ಜ್ಯೇಷ್ಠ 158070671986249, ಹದಿನೈದು ಅಂಕಿ. 1657ರಲ್ಲಿ ಫರ್ಮಾ ಫ್ರಾನ್ಸಿನಿಂದ ಬೇರೆ ಗಣಿತಜ್ಞರಿಗೆ ಸವಾಲು ಹಾಕುವಾಗ 61 ಮತ್ತು 109 ಎರಡನ್ನೂ ಹೆಸರಿಸಿದ್ದ. ಭಾಸ್ಕರರ ಉತ್ತರಕ್ಕೆ ಆಗ 507 ವರ್ಷ.

ಇನ್ನು ಅವಿಭಾಜ್ಯವೇ ಎಂಬುದು. ಅಲ್ಲ, ಮತ್ತು ಅದು ತಕ್ಷಣ ಗೊತ್ತಾಗುತ್ತದೆ. ಬಲದಿಂದ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆಯಿರಿ: 9−4+0−9+1−3+6−6+7−1 = 0. ಹಾಗಾಗಿ 11ರಿಂದ ಭಾಗವಾಗುತ್ತದೆ, ಭಾಗಲಬ್ಧ 160574459. ಇದು 59ರಿಂದ ಭಾಗವಾಗುತ್ತದೆ, ಉಳಿಯುವುದು 2721601. ಇಲ್ಲಿಂದ ಮುಂದೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದರೆ ಸಂಜೆಯಾಗುತ್ತದೆ. ಅದೇ ಫರ್ಮಾನ ಇನ್ನೊಂದು ಯುಕ್ತಿ ಇದೆ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. 2721601ಕ್ಕಿಂತ ಮೇಲಿನ ಮೊದಲ ವರ್ಗ 1650² = 2722500; ವ್ಯತ್ಯಾಸ 899. ಅಯ್ಯೋ, 900 ಆಗಿದ್ದರೆ ಮುಗಿದೇ ಹೋಗುತ್ತಿತ್ತು. ಮುಂದಿನ ವರ್ಗಗಳಿಗೆ ವ್ಯತ್ಯಾಸಗಳು 4200, 7503, 10808, 14115. 3ರಲ್ಲೂ 8ರಲ್ಲೂ ಮುಗಿಯುವವು ವರ್ಗವಾಗಲಾರವು. 4200ರಲ್ಲಿ ಸೊನ್ನೆಗಳ ಹಿಂದೆ 42 ಇದೆ, ಅದೂ ಅಲ್ಲ. 14115 ಎಂಬುದು 118² ಮತ್ತು 119²ರ ನಡುವೆ ಬೀಳುತ್ತದೆ. ಆರನೆಯದು 1655²: ವ್ಯತ್ಯಾಸ 17424 = 132². ಸಿಕ್ಕಿತು: (1655−132)×(1655+132), ಅಂದರೆ 1523×1787. ಎರಡೂ ಅವಿಭಾಜ್ಯ.

1766319049 = 11 × 59 × 1523 × 1787

1523 ಮತ್ತೆ ಬಂತು, ಗಮನಿಸಿದಿರಾ? ಭಾವನೆಯ ನಡುವಿನಲ್ಲಿ ಕಂಡ ಜ್ಯೇಷ್ಠ ಅದೇ. ಕಾಕತಾಳೀಯವಲ್ಲ. 1523/2, 195/2 ಜೋಡಿಯ ಮೂರು ಪ್ರತಿ ಬೆಸೆದರೂ ಅಂತಿಮ ಉತ್ತರವೇ ಸಿಗುತ್ತದೆ. ಕ್ಷೇಪ 1 ಇರುವ ಜೋಡಿಯನ್ನು ಮೂರು ಸಲ ಬೆಸೆದಾಗ ಜ್ಯೇಷ್ಠವು ತನ್ನ ಘನದ ನಾಲ್ಕು ಪಟ್ಟಿನಲ್ಲಿ ತನ್ನ ಮೂರು ಪಟ್ಟು ಕಳೆದಷ್ಟಾಗುತ್ತದೆ, ಆದ್ದರಿಂದ ಅದು ತಾನೇ ಒಂದು ಅಪವರ್ತನವಾಗಿ ಹೊರಬರುತ್ತದೆ: 1523 × (1523²−3)÷2. ಎರಡನೆಯ ಭಾಗ 1159763, ಅದೇ 11×59×1787.

ನಾಲ್ಕೂ ಅಪವರ್ತನಗಳು ಒಂದೊಂದೇ ಸಲ ಬರುವುದರಿಂದ ಭಾಜಕಗಳು ಒಟ್ಟು 16, ಅವುಗಳ ಮೊತ್ತ 12×60×1524×1788 = 1961936640. ನಾಲ್ಕನ್ನೂ 24ರಿಂದ ಭಾಗಿಸಿ ನೋಡಿ, ಪ್ರತಿ ಸಲ ಶೇಷ 11. ಇದರ ಒಂದು ಪರಿಣಾಮ ಮಕ್ಕಳಿಗೆ ತೋರಿಸಲು ಯೋಗ್ಯ. ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಎರಡು ವರ್ಗಗಳ ಮೊತ್ತ ಆಗಬಹುದೇನೋ ಎನಿಸುತ್ತದೆ. ಆಗದು, 4ರಿಂದ ಭಾಗಿಸಿದಾಗ 3 ಉಳಿಸುವ 11ರಂಥ ಅವಿಭಾಜ್ಯ ಒಂದೇ ಸಲ ಬಂದರೆ ಆ ದಾರಿ ಮುಚ್ಚಿತು. ಅದೇ, ಒಂದು ವರ್ಗ ಮತ್ತು ಇನ್ನೊಂದು ವರ್ಗದ ಎರಡು ಪಟ್ಟು ಎಂದರೆ ಸಲೀಸು: 1²+2×29718². ಜೊತೆಯ 226153980 ಮಾತ್ರ ಸಣ್ಣ ಸಣ್ಣ ತುಂಡಾಗುತ್ತದೆ: 2²×3²×5×13×127×761.

ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 7.8102496759066543… ಬರುತ್ತದೆ, √61ಕ್ಕೂ ಅದಕ್ಕೂ ಇರುವ ವ್ಯತ್ಯಾಸ ದಶಮಾಂಶದ 18ನೇ ಸ್ಥಾನದಲ್ಲಿ. 61ಕ್ಕೆ ಮುಂದಿನ ಜ್ಯೇಷ್ಠ ಬೇಕಿದ್ದರೆ ಈ ಸಂಖ್ಯೆಯ ವರ್ಗವನ್ನು ಇಮ್ಮಡಿಸಿ 1 ಕಳೆಯಿರಿ: 6239765965720528801. ಇದರ ವರ್ಗಕ್ಕೆ 'ಲಾಂಗ್ ಲಾಂಗ್' ಕೂಡ ಸಾಲದು.

ವಿಜಯಪುರದ ವಿಷಯ. ಭಾಸ್ಕರರು ತಮ್ಮ ಊರನ್ನು ಸಹ್ಯಪರ್ವತದ ಆಶ್ರಯದಲ್ಲಿರುವ ವಿಜ್ಜಡವಿಡ ಎನ್ನುತ್ತಾರೆ, ಅದು ಎಲ್ಲಿದೆ ಎಂದು ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114. ವಿಜ್ಜಡವಿಡವೇ ವಿಜಯಪುರ ಎಂಬುದು ಹಳೆಯ ಅಭಿಪ್ರಾಯ. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ಅವರ ಮೊಮ್ಮಗ ಚಂಗದೇವ ಭಾಸ್ಕರರ ಗ್ರಂಥಗಳ ಪಾಠಕ್ಕಾಗಿ ಮಠ ಕಟ್ಟಿಸಿದ ಶಾಸನ ಇರುವುದರಿಂದ ಆ ಕಡೆಗೂ ಬಲವಾದ ವಾದ ಇದೆ. ಸಹ್ಯಾದ್ರಿಯ ಮಾತು ನಮ್ಮ ಬಯಲಿಗೆ ಅಷ್ಟು ಸುಲಭವಾಗಿ ಹೊಂದುವುದೂ ಇಲ್ಲ. ಹೀಗಾಗಿ ಫಲಕದ ತಲೆಯ ಮೇಲೆ 'ವಿಜ್ಜಡವಿಡದ ಭಾಸ್ಕರ, 1150' ಎಂದಿರಲಿ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಇದು ವಿಜಯಪುರ ಎಂದು ಕೆಲವು ವಿದ್ವಾಂಸರ ಮತ' ಎಂದು ಸೇರಿಸಿ. ತೀರ್ಪುಗಾರರು ಕೆದಕಿ ಕೇಳಿದರೆ ಚಂಗದೇವನ ಶಾಸನದ ಮಾತನ್ನೂ ಹೇಳಲು ಮಕ್ಕಳಿಗೆ ಕಲಿಸಿಡಿ.